ಹನ್ನೊಂದು ವರ್ಷದ ವಂಕಿ

ಚೈತ್ರಶ್ರೀಗೆ ಸೊಂಟನೋವು ಶುರುವಾಗಿದ್ದು ಕಾಫಿ ಕೊಯ್ಲಿನ ಹೊತ್ತಿಗೆ. ವನಗೂರಿನ ಎಸ್ಟೇಟಿನಲ್ಲಿ ಹಣ್ಣಿನ ಚೀಲ ಹೊತ್ತು ಇಳಿಜಾರು ಹತ್ತಿಳಿಯುವ ಹೆಂಗಸರಿಗೆ ಸೊಂಟ ನೋಯುವುದು ಹೊಸದಲ್ಲ, ಹಾಗಾಗಿ ಅವಳೂ ಯಾರಿಗೂ ಹೇಳಲಿಲ್ಲ. ಆದರೆ ಕೊಯ್ಲು ಮುಗಿದು ಎರಡು ತಿಂಗಳಾದರೂ ನೋವು ಬಿಡಲಿಲ್ಲ. ಜೊತೆಗೆ ಬಿಳಿ ಸೆರಗು ಹೋಗುವುದು ಹೆಚ್ಚಾಗಿ, ಅದು ಹಳದಿಗೆ ತಿರುಗಿ ಕೆಟ್ಟ ವಾಸನೆ ಬರತೊಡಗಿತು. ವಾಸನೆ ಯಾರ ಮೂಗಿಗಾದರೂ ಬಿದ್ದೀತೆಂದು ಕೆಲಸದ ಹೆಂಗಸರಿಂದ ದೂರ ಕೂತು ಊಟ ಮಾಡುತ್ತಿದ್ದಳು.

"ಉಷ್ಣ ಕಣೆ. ಜೀರಿಗೆ ನೀರು ಕುಡಿ," ಎಂದಳು ಅತ್ತೆ ಮಾದಮ್ಮ. ಆಮೇಲೆ ಹಳೆಯ ಮಾತಿಗೇ ಬಂದಳು. "ಮಗಳು ಧನುಶ್ರೀ ಹುಟ್ಟಿ ಹನ್ನೊಂದು ವರ್ಷ ಆಯ್ತು. ಇನ್ನೊಂದು ನಿಲ್ಲಲಿಲ್ಲ ಅಂದ್ರೆ ನಿನ್ನೊಳಗೇ ಏನೋ ದೋಷ ಐತೆ."

ಚೈತ್ರಶ್ರೀಯ ಗಂಡ ಮೋಹನ್ ಎಸ್ಟೇಟಿನ ಜೀಪ್ ಓಡಿಸುತ್ತಿದ್ದ. ಅವ್ವ ಹೀಗೆನ್ನುವಾಗ ಅವನು ತಡೆಯುತ್ತಿರಲಿಲ್ಲ. ಕುಡಿದ ದಿನ ಅವನೂ ಅದನ್ನೇ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಜ್ವರ ಏರಿ ಅವಳು ತೋಟದಲ್ಲೇ ಕುಸಿದಳು. ಮೋಹನ್ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರ್ ನಿಶಾತ್ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಚೈತ್ರಶ್ರೀ ಮೊದಲ ಸಲ ಎಲ್ಲವನ್ನೂ ಹೇಳಿದಳು.

"ಇಷ್ಟು ದಿನ ಯಾಕಮ್ಮ ಸುಮ್ನಿದ್ದೆ?"

"ನಾಚ್ಕೆ ಆಯ್ತು ಡಾಕ್ಟ್ರೆ. ಕ್ಯಾನ್ಸರ್ರಾ?"

"ಈಗ್ಲೇ ಹೇಳೋಕಾಗಲ್ಲ. ಒಳಗೆ ಸೋಂಕಾದ್ರೂ ಹೀಗಾಗುತ್ತೆ, ಗರ್ಭಕೋಶದ ಬಾಯಲ್ಲಿ ಹುಣ್ಣಾದ್ರೂ ಆಗುತ್ತೆ. ಕ್ಯಾನ್ಸರ್ ಇದೆಯಾ ಅಂತ್ಲೂ ಪರೀಕ್ಷೆಗೆ ಕಳಿಸ್ತೀನಿ. ಮೊದಲು ಸ್ಕ್ಯಾನ್ ಮಾಡಿಸು."

ಸ್ಕ್ಯಾನ್ ನೋಡಿದ ಡಾಕ್ಟರ್ ಕೇಳಿದರು, "ವಂಕಿ ಯಾವಾಗ ಹಾಕಿಸ್ಕೊಂಡೆ?"

"ಯಾವ ವಂಕಿ?"

"ಮಕ್ಕಳಾಗದಿರ್ಲಿ ಅಂತ ಗರ್ಭಕೋಶದೊಳಗೆ ಇಡ್ತಾರಲ್ಲ, ಅದು. ಹತ್ತು ವರ್ಷದೊಳಗೆ ತೆಗೀಬೇಕು. ಈಗ ಒಳಗೆಲ್ಲ ಸೋಂಕು ಹಬ್ಬಿದೆ."

"ನಂಗೆ ಗೊತ್ತೇ ಇಲ್ಲ ಡಾಕ್ಟ್ರೆ," ಎಂದಳು ಚೈತ್ರಶ್ರೀ. ಡಾಕ್ಟರ್ ಮೋಹನನನ್ನು ಒಳಗೆ ಕರೆದು ವಂಕಿಯ ವಿಷಯ ಕೇಳಿದರು. ಅವನು ತಲೆ ತಗ್ಗಿಸಿ ನಿಂತ.

"ಹೆರಿಗೆ ಆದ ದಿವ್ಸ ಆಸ್ಪತ್ರೇಲಿ ಯಾವ್ದೋ ಕಾಗದಕ್ಕೆ ಸೈನ್ ಹಾಕು ಅಂದ್ರು. ಎಲ್ಲಾರೂ ಹಾಕ್ತಾರೆ ಅಂತ ಹಾಕ್ಬುಟ್ಟೆ. ಓದ್ಲಿಲ್ಲ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಎಂದಳು ಚೈತ್ರಶ್ರೀ.

ಆಸ್ಪತ್ರೆಯಲ್ಲಿ ಉಳಿಸಿಕೊಂಡು ಇಂಜೆಕ್ಷನ್ ಕೊಟ್ಟು ವಂಕಿ ತೆಗೆದರು. ಹತ್ತು ದಿನ ಕಳೆದು ಪರೀಕ್ಷೆಯ ವರದಿ ಬಂತು, ಕ್ಯಾನ್ಸರ್ ಇರಲಿಲ್ಲ. ಆದರೆ ಸೋಂಕಿನಿಂದ ಗರ್ಭನಾಳಗಳು ಕೆಟ್ಟಿವೆ, ಇನ್ನೊಂದು ಮಗು ಆಗುವುದು ಕಷ್ಟ ಎಂದರು ಡಾಕ್ಟರ್. ಜೀಪಿನಲ್ಲಿ ವಾಪಸಾಗುವಾಗ ಚೈತ್ರಶ್ರೀ ಬಹಳ ಹೊತ್ತು ಅತ್ತಳು. ಮನೆ ಹತ್ತಿರವಾದಾಗ ಕಣ್ಣೊರೆಸಿಕೊಂಡಳು.

"ನಿಮ್ಮವ್ವಂಗೆ ನೀನೇ ಹೇಳು. ಇವತ್ತೇ ಹೇಳು."

ಮೋಹನ್ ಎಸ್ಟೇಟಿನ ಆಳುಗಳ ಲೈನ್ ಮನೆಯ ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಮಾದಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಅಯ್ಯೋ, ಇವಳಿಗೆ ನಾನು ಏನೇನು ಅಂದ್ಬುಟ್ಟೆ..." ಎನ್ನುತ್ತ ಅಲ್ಲೇ ಕೂತುಬಿಟ್ಟಳು. ಚೈತ್ರಶ್ರೀ ಅವಳನ್ನು ದಾಟಿ ಒಳಗೆ ಹೋದಳು.

ತಿಂಗಳೊಳಗೆ ಸೊಂಟನೋವು ಹೋಯಿತು. ಗಂಡನ ಮೇಲಿನ ಸಿಟ್ಟು ಹೋಗಲಿಲ್ಲ. ಕೆಲಸಕ್ಕೆ ಮರಳಿದ ವಾರ ಪಕ್ಕದ ಮನೆಯ ಭೂತಮ್ಮ ಅವಳನ್ನು ಕಾಫಿ ಗಿಡದ ಮರೆಗೆ ಕರೆದು, "ನಂಗೂ ಹಂಗೇ ಬಿಳಿ ಹೋಯ್ತಾ ಐತೆ ಕಣೆ, ಯಾರ್ಗೂ ಹೇಳ್ಬ್ಯಾಡ," ಎಂದಳು.

"ಡಾಕ್ಟ್ರಿಗೆ ಹೇಳಾನ ಬಾ," ಎಂದಳು ಚೈತ್ರಶ್ರೀ. ಮರುದಿನ ಇಬ್ಬರೂ ಕೆಲಸಕ್ಕೆ ರಜೆ ಹಾಕಿ ಮೊದಲ ಬಸ್ಸು ಹತ್ತಿದರು.