ಜೊತೆಗೆ ಬರುವವರು

ಊಟದ ಗಲಾಟೆ ಇಳಿದು, ಮೇಜುಗಳ ಮೇಲೆ ಸಾಂಬಾರಿನ ಉಂಗುರಗಳಷ್ಟೇ ಉಳಿದಿದ್ದ ಹೊತ್ತಿನಲ್ಲಿ ಸುಹಾಸ ಲ್ಯಾಪ್‌ಟಾಪ್ ತೆರೆದು ತನ್ನ ಸೋದರತ್ತೆಗೆ ಕತ್ತಲೆಯನ್ನು ತೋರಿಸಿದ.

"ಇದೆಂತದು, ಬರೀ ಕಪ್ಪು?" ಗಲ್ಲಾದಿಂದ ಬಗ್ಗಿ ನೋಡಿ ವಿನೋದಿನಿ ಕೇಳಿದಳು.

"ಒಂದ್ ನಿಮಿಷ ಅತ್ತೆ. ಲೋಡ್ ಆಗ್ತಾ ಉಂಟು."

ಕತ್ತಲೆಯ ನಡುವೆ ಒಂದು ಚುಕ್ಕಿ ಹೊತ್ತಿಕೊಂಡಿತು. ಅದು ಸುಹಾಸ. ಚುಕ್ಕಿಯಿಂದ ಗೆರೆಗಳು ಹೊರಟವು. ಒಂದೊಂದು ಗೆರೆಯ ತುದಿಯಲ್ಲಿ ಒಬ್ಬೊಬ್ಬ ಗುರುತಿನವ, ಅವನಿಂದ ಮತ್ತೆ ಗೆರೆಗಳು. ಭಜನಾ ಮಂಡಳಿಯ ವಾಟ್ಸಾಪ್ ಗುಂಪು, ಕಬಡ್ಡಿ ತಂಡದವರ ಫೇಸ್‌ಬುಕ್, ಹಳೆ ವಿದ್ಯಾರ್ಥಿಗಳ ಬಳಗ. ನೋಡನೋಡುತ್ತಿದ್ದಂತೆ ಇಡೀ ಪರದೆ ತುಂಬಿ, ವಿಮಾನದ ಕಿಟಕಿಯಿಂದ ರಾತ್ರಿ ಕಾಣುವ ಮುಂಬಯಿಯಂತೆ ಉರಿಯತೊಡಗಿತು. ವಿನೋದಿನಿ ಕನ್ನಡಕ ಏರಿಸಿಕೊಂಡಳು. ಇಷ್ಟು ಜನರ ನಡುವೆ ತಾನು ದಿನವೂ ಒಬ್ಬಳೇ ಕೂತು ಚಿಲ್ಲರೆ ಕೊಡುತ್ತಿದ್ದೆನೇ ಎನ್ನಿಸಿ ಅವಳಿಗೆ ಸಣ್ಣಗೆ ಮೈ ಜುಮ್ಮೆಂದಿತು.

ಸುಹಾಸನ ಕಂಪನಿಯ ಹೆಸರು 'ಗುರ್ತ'. ಕೆಲಸಕ್ಕೆ ಜನ ಬೇಕಾದವರು ಅದರಲ್ಲಿ ಹೇಳಿದರೆ ಸುದ್ದಿ ಗುರುತಿನವರಿಂದ ಗುರುತಿನವರಿಗೆ ಓಡುತ್ತದೆ. ಕೆಲಸ ಕೇಳಿದವನನ್ನು ಬಲ್ಲವರು 'ಗುರ್ತ ಉಂಟು' ಎಂಬ ಗುಂಡಿ ಒತ್ತುತ್ತಾರೆ. ಹಣ ಹೂಡುವವರನ್ನು ಹುಡುಕಿ ಅವನು ಬಾಂದ್ರಾದ ಒಂದು ಕಚೇರಿಗೆ ಹೋಗಿದ್ದ. ಅಲ್ಲಿನ ಮಾಧುರಿ ಎಂಬಾಕೆ, ಕೆಲಸಕ್ಕೆ ಜನ ಇಟ್ಟುಕೊಂಡು ಬಲ್ಲ ಒಬ್ಬರಾದರೂ ಮೊದಲು ತಮ್ಮ ದುಡ್ಡು ಹಾಕಲಿ, ಆಮೇಲೆ ನಾವು ಎಂದಿದ್ದಳು. ವಿನೋದಿನಿಯ ಹತ್ತಿರ ದುಡ್ಡಿತ್ತು. ಆದರೆ ಅದು ಅಂಧೇರಿಯಲ್ಲಿ ಎರಡನೆಯ ಹೋಟೆಲು ತೆರೆಯಲು ತೆಗೆದಿಟ್ಟದ್ದು. ಜಾಗದ ಯಜಮಾನ ಶನಿವಾರ ಸಂಜೆಯೊಳಗೆ ಉತ್ತರ ಕೇಳಿದ್ದ. ಎರಡನ್ನೂ ಮಾಡುವಷ್ಟು ಇರಲಿಲ್ಲ.

ದೋಸೆ ಕಾವಲಿಯ ಹತ್ತಿರದಿಂದ ಕೊರಗಪ್ಪ ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದ. "ಇದರಲ್ಲಿ ನಾನೆಲ್ಲಿದ್ದೇನೆ ಮಾರಾಯ?"

"ನಿಮ್ದು ಬಟನ್ ಫೋನ್ ಅಲ್ವಾ ಕೊರಗಪ್ಪಣ್ಣ. ಮತಲಬ್, ನೀವಿಲ್ಲ."

"ಹಾಗಾದ್ರೆ ನಾನು ಊರಿಗೆ ಹೋಗಿ ಆಯ್ತು ಬಿಡು!"

ವಿನೋದಿನಿ ನಗಲಿಲ್ಲ. ಕೊರಗಪ್ಪ ನಿಜಕ್ಕೂ ಹೋಗುವವನಿದ್ದ. ಅವಳು ಮದುವೆಯಾಗಿ ಬರುವ ಮೊದಲಿನಿಂದಲೂ ವಡಾಲದ ಈ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವನ ಮೊಣಕಾಲು ಇನ್ನು ನಿಲ್ಲಲಾರೆ ಎಂದಿತ್ತು.

"ಸುಹಾಸಾ, ಇವನ ಜಾಗಕ್ಕೆ ಜನ ಹುಡುಕು. ಶನಿವಾರದೊಳಗೆ ಸಿಕ್ಕಿದರೆ ದುಡ್ಡು ನಿನಗೆ. ಇಲ್ಲದಿದ್ದರೆ ಅಂಧೇರಿಗೆ."

ಅವನು ಅಲ್ಲೇ ಕೂತು ಬರೆದು ಕಳಿಸಿದ. ಸಂಜೆಯ ಕಾಫಿಯ ಹೊತ್ತಿಗೆ ಪರದೆಯಲ್ಲಿ ಹಬ್ಬವಾಗಿತ್ತು. ಕೆಲಸ ಕೇಳಿದವರ ಹೆಸರುಗಳ ಮುಂದೆ 'ಗುರ್ತ ಉಂಟು' ಎಂಬ ಹಸಿರು ಗೆರೆಗಳು ಬಳ್ಳಿಯಂತೆ ಸುತ್ತಿಕೊಂಡಿದ್ದವು. ಮುಲುಂಡಿನಿಂದ, ದಹಿಸರಿನಿಂದ, ದುಬೈಯಿಂದಲೂ ಯಾರೋ ಒತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹಸಿರಾಗಿದ್ದವನು ಐತ ಎಂಬ ಹುಡುಗ. ಅವನನ್ನು ಬಲ್ಲೆ ಎಂದವರಲ್ಲಿ ದಹಿಸರಿನ ಪ್ರಶಾಂತನೂ ಇದ್ದ. ಹಿಂದೆ ಇದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ವಿನೋದಿನಿ ಅವನಿಗೇ ಫೋನು ಮಾಡಿ, ಸುಹಾಸನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಪ್ರಶಾಂತಾ, ಐತ ಹೇಗೆ? ದೋಸೆ ಚೆಂದ ಹೊಯ್ತಾನಾ?"

"ಯಾವ ಐತ ಅಕ್ಕ?"

"ಗುರ್ತ ಉಂಟು ಅಂತ ಒತ್ತಿದ್ದೀಯಲ್ಲ!"

"ಓ ಅದಾ! ಒಬ್ಬ ಕಳಿಸಿದ, ಒತ್ತಿದೆ. ಇಲ್ಲ ಅಂತ ಹೇಗೆ ಹೇಳುವುದು ಅಕ್ಕ? ದಾಕ್ಷಿಣ್ಯ ಅಲ್ವಾ? ಬಂದದ್ದಕ್ಕೆಲ್ಲ ಒತ್ತಿದ್ದೇನೆ."

ಇನ್ನಿಬ್ಬರಿಗೆ ಮಾಡಿದಾಗಲೂ ಅದೇ ಮಾತು. ಯಾರಿಗೂ ಯಾರನ್ನೂ ಗೊತ್ತಿರಲಿಲ್ಲ. ಆದರೆ ಯಾರಿಗೂ ಇಲ್ಲವೆನ್ನಲು ಬಾಯಿ ಬಂದಿರಲಿಲ್ಲ. ಅಷ್ಟೂ ಬೆಳಕು ಬರೀ ದಾಕ್ಷಿಣ್ಯದ್ದು. ಸುಹಾಸ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿ, ಬೆರಳಿನಿಂದ ಮೇಜಿನ ಮೇಲಿನ ನೀರನ್ನು ಎಳೆಯುತ್ತ ಕೂತ.

ವಿನೋದಿನಿಗೆ ಸಿಟ್ಟು ತಡೆಯಲಿಲ್ಲ. ಮತ್ತೆ ಪ್ರಶಾಂತನಿಗೆ ಫೋನು ಹಚ್ಚಿದಳು. "ನೋಡು, ನಿನಗೆ ಇಲ್ಲಿಯ ಪದ್ಧತಿ ಗೊತ್ತುಂಟು. ಗುರ್ತ ಉಂಟು ಅಂದ್ಯಲ್ಲ, ನಾಳೆ ಐತನನ್ನು ನೀನೇ ಕರ್ಕೊಂಡು ಬಾ. ಊಟದ ಗಲಾಟೆ ಮುಗಿಯುವವರೆಗೆ ಅವನ ಪಕ್ಕದಲ್ಲಿ ನಿಲ್ಲು."

ಆ ಕಡೆಯಿಂದ ಲೋಕಲ್ ರೈಲೊಂದು ಹಾದುಹೋದ ಸದ್ದು. "ಅಕ್ಕ... ನನ್ನ ಹೆಸರು ಅದರಿಂದ ಹೇಗೆ ತೆಗೆಯುವುದು?"

ಕೊರಗಪ್ಪ ಗಟ್ಟಿಯಾಗಿ ನಕ್ಕ. ಸುಹಾಸ ನಗಲಿಲ್ಲ, ಎದ್ದು ನಿಂತಿದ್ದ.

"ಅತ್ತೆ, ಯಾವ ಪದ್ಧತಿ ಅದು?"

ಅವಳಿಗೆ ಅದನ್ನು ಎಂದೂ ಬಾಯಿಬಿಟ್ಟು ಹೇಳಬೇಕಾಗಿ ಬಂದಿರಲಿಲ್ಲ. ಹೊಸಬನನ್ನು ಕರೆತಂದವನು ಬಿಟ್ಟು ಹೋಗುವಂತಿಲ್ಲ. ಮಧ್ಯಾಹ್ನದ ಜನ ಕರಗುವ ತನಕ ಅವನ ಪಕ್ಕದಲ್ಲೇ ಇರಬೇಕು, ಆಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಉಂಡು ಬೇರೆಯಾಗಬೇಕು. ಇಷ್ಟೇ. ಹೇಳುತ್ತ ಹೇಳುತ್ತ ಅವಳಿಗೆ ಬೇರೆಯದೇ ನೆನಪಾಯಿತು. ಗಂಡ ತೀರಿಕೊಂಡ ಮೇಲೆ ಅವಳು ಮೊದಲ ಸಲ ಗಲ್ಲಾದಲ್ಲಿ ಕೂತ ದಿನ, ಕೊರಗಪ್ಪ ಕಾವಲಿಯನ್ನು ಇನ್ನೊಬ್ಬನಿಗೆ ಕೊಟ್ಟು ಬಂದು, ಊಟದ ಗಲಾಟೆ ಮುಗಿಯುವವರೆಗೂ ಅವಳ ಪಕ್ಕದಲ್ಲಿ ನಿಂತಿದ್ದ.

ಸುಹಾಸ ಆಗಲೇ ಬೆರಳಾಡಿಸುತ್ತಿದ್ದ. 'ಗುರ್ತ ಉಂಟು' ಅಳಿಸಿ ಅದರ ಜಾಗದಲ್ಲಿ ಬೇರೆ ಮಾತು ಹಾಕಿದ: 'ನಾನೂ ಜೊತೆಗೆ ಬರ್ತೇನೆ.' ಕೆಳಗೆ ಪದ್ಧತಿಯನ್ನೂ ಶನಿವಾರ ಬೆಳಿಗ್ಗೆ ಬರಬೇಕೆಂಬುದನ್ನೂ ಬರೆದ. ಒತ್ತಿದ್ದವರೆಲ್ಲ ಮತ್ತೊಮ್ಮೆ ಒತ್ತಬೇಕು.

ಚುಕ್ಕಿಗಳು ಆರತೊಡಗಿದವು. ಕಾಲೊನಿಯ ಬಿಲ್ಡಿಂಗಿನಲ್ಲಿ ಮಲಗುವ ಹೊತ್ತಾದಂತೆ ಒಂದೊಂದೇ ಕಿಟಕಿ ಕಪ್ಪಾಗುವ ಹಾಗೆ ದುಬೈ ಆರಿತು, ಮುಲುಂಡು ಆರಿತು. ಕೊನೆಗೆ ಬೆರಳೆಣಿಕೆಯಷ್ಟು ಮಿಣುಕು ಉಳಿದವು.

"ಮುಗೀತು ಅತ್ತೆ," ಎಂದ ಸುಹಾಸ. "ಇದನ್ನ ನೋಡಿದ್ರೆ ಮಾಧುರಿ ಮೇಡಂ ನಗ್ತಾರೆ."

ಶನಿವಾರ ಬೆಳಿಗ್ಗೆ ಶಟರು ಎತ್ತಿದಾಗ ಫುಟ್‌ಪಾತಿನ ಮೇಲೆ ಜನ ಇಬ್ಬಿಬ್ಬರಾಗಿ ನಿಂತಿದ್ದರು.

ವಿನೋದಿನಿ ಶಟರಿನ ಕೊಕ್ಕೆ ಹಿಡಿದುಕೊಂಡೇ ನಿಂತಳು. ರಾತ್ರಿಪಾಳಿಯ ಸಮವಸ್ತ್ರದಲ್ಲೇ ಅಂಧೇರಿಯಿಂದ ಬಂದ ಒಬ್ಬ ವಾಚ್‌ಮನ್, ಅವನ ಪಕ್ಕದಲ್ಲಿ ತಲೆ ತಗ್ಗಿಸಿದ ತರುಣ. ರಿಕ್ಷಾದವನೊಬ್ಬ ತನ್ನ ಭಾವನೊಂದಿಗೆ. ಯಾರದೋ ಕೈ ಯಾರದೋ ಭುಜದ ಮೇಲೆ. ಪರದೆಯ ಮೇಲೆ ಅಷ್ಟು ಸಣ್ಣದಾಗಿದ್ದ ಮಿಣುಕುಗಳು ಇಷ್ಟು ದೊಡ್ಡದಾಗಿ, ಬೆವರಿ, ಟಿಫಿನ್ ಚೀಲ ಹಿಡಿದು, ಒಂದು ದಿನದ ಸಂಬಳ ಬಿಟ್ಟು, ಇನ್ನೊಬ್ಬರಿಗಾಗಿ ಬಂದು ನಿಂತಿದ್ದವು. ದಿನವೂ ಗುಡಿಸುವ ಆ ಫುಟ್‌ಪಾತನ್ನು ಅವಳು ಹಿಂದೆಂದೂ ನೋಡಿಯೇ ಇರಲಿಲ್ಲವೇನೋ.

ಕೊನೆಯಲ್ಲಿ ಇಬ್ಬರು ಹೆಂಗಸರಿದ್ದರು. ದಪ್ಪ ಕುಂಕುಮದವಳು ಮುಂದೆ ಬಂದಳು. "ಅಕ್ಕಾರ, ನಾ ಚಂದ್ರವ್ವ. ಈಕಿ ದೇವಕ್ಕ. ಈಕಿನ್ನ ಕರಕೊಂಡ ಬಂದೇನ್ರಿ."

"ನೀವಿಬ್ಬರೂ ಸಂಬಂಧವಾ?"

"ಎಲ್ಲೀ ಸಂಬಂಧರೀ! ನಾ ಧಾರವಾಡ ಕಡೀಕಿ, ಈಕಿ ಕಾಪು ಊರಿನಾಕಿ. ಮಾನಖುರ್ದದಿಂದ ಒಂದ ಲೋಕಲ್‌ನ್ಯಾಗ ಬರತೀವಿ, ಲೇಡೀಸ್ ಡಬ್ಬಿಯೊಳಗ. ಈಕಿ ಟಿಫಿನ್ ತಗದ್ಲಂದ್ರ ಮುಗೀತು, ಯಾರೂ ಸ್ಟೇಶನ್ ನೋಡಂಗಿಲ್ಲ. ನಮ್ಮ ಲೋಕಲ್ ಗ್ರೂಪಿಗೆ ನಿಮ್ಮ ಸುದ್ದಿ ಬಂತು, ನಾ ಒತ್ತಿಬಿಟ್ಟೆ."

"ಬೇಡ ಅಂತ ಹೇಳಿದ್ದೆ ನಾನು," ದೇವಕ್ಕ ಮೆಲ್ಲಗೆ ಹೇಳಿದಳು. "ಹೋಟೆಲಿನಲ್ಲಿ ಹೊಯ್ದು ಗೊತ್ತಿಲ್ಲ ಅಕ್ಕ. ಮನೆಯಲ್ಲಿ ಮಾತ್ರ."

"ಸುಮ್ನಿರ ನೀ," ಎಂದಳು ಚಂದ್ರವ್ವ. "ಆಫೀಸಿಗೆ ರಜಾ ಹಾಕಿ ಬಂದೇನಿ."

ಕೊರಗಪ್ಪ ಒಬ್ಬೊಬ್ಬರಿಗೂ ಕಾವಲಿ ಬಿಟ್ಟುಕೊಟ್ಟು ನೋಡಿದ. ದೇವಕ್ಕನ ಮೊದಲನೆಯ ದೋಸೆ ಹರಿಯಿತು. ಚಂದ್ರವ್ವ ತನ್ನದೇ ಹರಿದ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡಳು, ಆದರೆ ಜಾಗ ಬಿಡಲಿಲ್ಲ. ಮೂರನೆಯದು ತೆಳ್ಳಗೆ, ಅಂಚಿನಲ್ಲಿ ಹೊಂಬಣ್ಣ ಹಿಡಿದು ಎದ್ದಿತು. ಕೊರಗಪ್ಪ ಅದನ್ನು ಮುರಿದು ಬಾಯಿಗಿಟ್ಟು, ತನ್ನ ಸಟ್ಟುಗವನ್ನು ಅವಳ ಕಡೆಗೆ ಸರಿಸಿದ. ಮಧ್ಯಾಹ್ನದ ಜನ ನುಗ್ಗಿತು. ಇಡೀ ಹೊತ್ತು ಚಂದ್ರವ್ವ ಕಾವಲಿಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು.

ಗಲಾಟೆ ಇಳಿದ ಮೇಲೆ ವಿನೋದಿನಿ ಬಂದ ಜೋಡಿಗಳನ್ನೆಲ್ಲ ಕೂರಿಸಿ ಬಡಿಸಿದಳು, ಕೆಲಸ ಸಿಗದವರಿಗೂ. ಸುಹಾಸ ಊಟ ಮಾಡದೆ ಅವರನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಅವಳು ತನ್ನದೇ ಬೆರಗನ್ನು ಕಂಡಳು.

ಅವಳು ಅಂಧೇರಿಯ ಯಜಮಾನನಿಗೆ ಫೋನು ಮಾಡಿ, ಜಾಗ ಬೇರೆಯವರಿಗೆ ಕೊಡಿ ಎಂದಳು. ಎರಡನೆಯ ಬೋರ್ಡಿನ ಅಕ್ಷರ ಹೇಗಿರಬೇಕೆಂದು ಕೂಡ ಅವಳು ಯೋಚಿಸಿಟ್ಟಿದ್ದಳು.

"ಬಾಂದ್ರಾದವರನ್ನು ಕಾಣುವುದು ಯಾವಾಗ?" ಎಂದು ಸುಹಾಸನನ್ನು ಕೇಳಿದಳು.

"ಸೋಮವಾರ. ಅತ್ತೆ, ನೀವು ಚೆಕ್ ಕೊಟ್ರೆ ಸಾಕು, ನಾನು..."

"ಚೆಕ್ ಕೊಟ್ಟು ಮನೆಯಲ್ಲಿ ಕೂರುವುದಾ? ಅದು ಪ್ರಶಾಂತ ಒತ್ತಿದ ಹಾಗೆ." ವಿನೋದಿನಿ ಗಲ್ಲಾದ ಕೀಲಿಕೈಯನ್ನು ಕೊರಗಪ್ಪನ ಕಡೆಗೆ ನೂಕಿದಳು. "ಸೋಮವಾರ ಒಂದು ದಿನ ಇಲ್ಲಿ ಕೂತುಕೋ ಮಾರಾಯ, ಆಮೇಲೆ ಊರಿಗೆ ಹೋಗು. ನಾನು ಇವನ ಜೊತೆಗೆ ಹೋಗ್ತೇನೆ. ಅವರ ಗಲಾಟೆ ಮುಗಿಯುವವರೆಗೆ ಪಕ್ಕದಲ್ಲಿ ನಿಲ್ಲಬೇಕಲ್ಲ."