ಪುಕ್ಕಟೆ ಭಾನುವಾರ

ನನ್ನ ಗಂಡ ಬಾಸಿಲಿಯೊನಂಥ ಜಿಪುಣ ಈ ಕಣಿವೆಯಲ್ಲೇ ಇಲ್ಲ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ತೊರೆಯಲ್ಲಿ ಬಟ್ಟೆ ಒಗೆಯುವಾಗ, ಸಂತೆಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಅವನು ಜಿಪುಣನಲ್ಲ ಎಂದು ಗೊತ್ತಾದ ದಿನ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ನಾವು ಒಲ್ಯಾಂತಾಯ್ತಾಂಬೊ ಮೇಲಿನ ಹಳ್ಳಿಯವರು. ನಮ್ಮ ಗಂಡಸರು ಹೊರೆಯಾಳುಗಳು. ಹಳೆಯ ಇಂಕಾ ದಾರಿಯಲ್ಲಿ ಮಾಚು ಪಿಚುವಿಗೆ ನಡೆದು ಹೋಗುವ ಪ್ರವಾಸಿಗರ ಗುಡಾರ, ಒಲೆ, ಮೇಜು, ಕುರ್ಚಿ ಎಲ್ಲ ಇವರ ಬೆನ್ನ ಮೇಲೆ. ಕೊನೆಯ ಬೆಳಗ್ಗೆ ಪ್ರವಾಸಿಗರು ಬಾಗಿಲು ದಾಟಿ ಇಂಕಾ ದೊರೆಗಳ ಕಲ್ಲಿನ ಊರು ನೋಡಲು ಹೋಗುತ್ತಾರೆ. ಹೊರೆಯಾಳುಗಳು ಗುಡಾರ ಮಡಚಿಕೊಂಡು ಕೆಳಗೆ ರೈಲಿಗೆ ಓಡುತ್ತಾರೆ.

ಮದುವೆಯಾದ ಹೊಸದರಲ್ಲಿ ಕೇಳಿದ್ದೆ, "ಒಳಗೆ ಹೇಗಿದೆ?"

"ನಂಗೇನು ಗೊತ್ತು ಸತುಕಾ? ಮದುವೆ ಮನೆ ಬಾಗಿಲ ತನಕ ಪಾತ್ರೆ ಹೊತ್ತು, ಊಟಕ್ಕೆ ಕೂರದೆ ವಾಪಸ್ ಬರೋನು ನಾನು."

ನನ್ನ ಹೆಸರು ಸತುರ್ನಿನಾ. ಸತುಕಾ ಎನ್ನುವುದು ಅವನೊಬ್ಬನೇ. ಅವತ್ತು ಅಂಗಳದಲ್ಲಿ ನಿಂತು ಮಾತು ಕೊಟ್ಟುಕೊಂಡೆವು: ಒಳಗೆ ಹೋದರೆ ಇಬ್ಬರೂ ಒಟ್ಟಿಗೆ, ಇಲ್ಲದಿದ್ದರೆ ಒಬ್ಬರೂ ಇಲ್ಲ. ಮೂರು ಮೂರು ಕೋಕಾ ಎಲೆ ಜೋಡಿಸಿ ಹಿಡಿದು ಬೆಟ್ಟದ ಕಡೆ ಉಸಿರು ಊದಿದೆವು. ಬೆಟ್ಟಕ್ಕೆ ನಾವು ಅಪು ಅನ್ನುತ್ತೇವೆ, ಒಡೆಯ ಎಂದು. ಹೆಂಡತಿಗೆ ಸುಳ್ಳು ಹೇಳಬಹುದು, ಪಾದ್ರಿಗೂ ಹೇಳಬಹುದು. ಅಪುವಿನ ಮುಂದೆ ಹೇಳಿದರೆ ಆಲೂಗಡ್ಡೆ ನೆಲದಲ್ಲೇ ಕೊಳೆಯುತ್ತದೆ, ಕುರಿ ಕಂದು ಹಾಕುತ್ತದೆ.

ಬಹಳ ವರ್ಷ ಕಳೆದ ಮೇಲೆ ಶುರುವಾಯಿತು ನನ್ನ ಲೆಕ್ಕಾಚಾರ. ಮೊದಲು ರೈಲು ಎಂದೆ, ಊರಿನವರಿಗೆಂದು ಇರುವ ಅಗ್ಗದ ಡಬ್ಬಿಯಲ್ಲಿ. "ಆ ದುಡ್ಡಿಗೆ ಮನೆಗೆ ತಗಡು ಹೊದಿಸಬಹುದು," ಎಂದ. ತಗಡು ಹೊದಿಸಿದೆವು. ಮುಂದಿನ ವರ್ಷ ರೈಲಿನ ಆಸೆ ಬಿಟ್ಟೆ. ಮಲಾಗಾ ಘಾಟಿ ಹತ್ತಿಳಿದು ವ್ಯಾನಿನಲ್ಲಿ ಸಾಂತಾ ತೆರೇಸಾ, ಅಲ್ಲಿಂದ ಮುಂದೆ ರೈಲು ಹಳಿಯ ಪಕ್ಕದಲ್ಲೇ ನಡಿಗೆ ಎಂದೆ.

"ರಾತ್ರಿ ಮಲಗೋಕೆ?"

"ಕೆಳಗಿನ ಪೇಟೆ ಹೋಟೆಲಲ್ಲಿ ನನ್ನ ಚಿಕ್ಕಮ್ಮನ ಮಗಳು ಅಡುಗೆ ಮಾಡ್ತಾಳೆ. ಅವಳ ರೂಮಿನ ನೆಲ ಇದೆ."

"ಊಟಕ್ಕೆ?"

"ಬುತ್ತಿ ಕಟ್ತೀನಿ."

"ಅಲ್ಲಿಂದ ಮೇಲಕ್ಕೆ ಬಸ್ಸಿದೆ. ಅವರು ಚರ್ಮ ಸುಲೀತಾರೆ."

"ಮೆಟ್ಟಿಲಿದೆ, ಹತ್ತೋಣ."

"ಟಿಕೆಟ್ಟಿಗೆ?"

"ಭಾನುವಾರ ಕುಸ್ಕೊ ಸೀಮೆಯೋರಿಗೆ ಪುಕ್ಕಟೆ. ಗುರುತಿನ ಚೀಟಿ ತೋರಿಸಿದ್ರೆ ಸಾಕು. ಇನ್ನೇನು ಬಾಕಿ, ಹೇಳು?"

ಸ್ವಲ್ಪ ಯೋಚಿಸಿ ಅಂದ, "ಚಪ್ಪಲಿ ಸವೆಯುತ್ತೆ."

"ಕೈಲಿ ಹಿಡ್ಕೊಂಡು ಬರ್ತೀನಿ ಮಾರಾಯ!"

ಆದರೂ ಹೊರಡಲಿಲ್ಲ. ಒಂದು ವರ್ಷ ಕುರಿ ಈಯುವುದಿತ್ತು, ಒಂದು ವರ್ಷ ಮಂಡಿನೋವು, ಒಂದು ವರ್ಷ ಮಂಜು ಬಿದ್ದು ಬೆಳೆ ಸುಟ್ಟಿತು. ಊರಿನ ಹೆಂಗಸರ ಸಂಘದವರು ಒಟ್ಟಾಗಿ ಹೋಗಿ ಬಂದರು, ನಾನು ಹೋಗಲಿಲ್ಲ. ನನ್ನ ಕೋಮಾದ್ರೆ ಲುಸ್ಮಿಲಾ, ಅವಳ ಮಗಳಿಗೆ ಹೆಸರಿಟ್ಟವಳು ನಾನೇ, ಬಂದವಳೇ ನನ್ನನ್ನು ಕಿಚಾಯಿಸಿದಳು. "ನಿನ್ನ ಗಂಡ ಮುಷ್ಟಿ ಬಿಚ್ಚೋ ಹೊತ್ತಿಗೆ ಆ ಕಲ್ಲೂ ಸವೆದು ಹೋಗಿರುತ್ತೆ ಕಣೇ."

"ಸವೀಲಿ ಬಿಡೆ. ಮಾತು ಅಂದ್ರೆ ಮಾತು," ಎಂದೆ. ಅದನ್ನು ಹೇಳುವಾಗ ಒಳಗೊಳಗೆ ಹೆಮ್ಮೆ ಕೂಡ ಇತ್ತು.

ಆ ಮಾತಿಗಾಗಿ ನಾನು ಕಳೆದುಕೊಂಡದ್ದು ಅದೊಂದೇ ಆಗಿದ್ದರೆ ಈ ಕಥೆ ಹೇಳುತ್ತಿರಲಿಲ್ಲ. ಈ ಲೆಕ್ಕಾಚಾರವೆಲ್ಲ ಶುರುವಾಗುವ ಮುಂಚೆ ನನ್ನ ಅಮ್ಮ ಅಸೆನ್ಸಿಯಾ ನಮ್ಮ ಜೊತೆಯೇ ಇದ್ದಳು. ವಯಸ್ಸಾಗಿ ಕಣ್ಣಿಗೆ ಪೊರೆ ಬಂದಿತ್ತು. ಒಂದು ಸಂಜೆ ಒಲೆಯ ಮುಂದೆ ಕೂತು ಕೇಳಿದಳು, "ಸತುರ್ನಿನಾ, ಕಣ್ಣು ಪೂರ್ತಿ ಹೋಗೋದ್ರೊಳಗೆ ಆ ಜಾಗ ಒಂದು ಸಲ ತೋರಿಸ್ತೀಯೇನೇ? ನಮ್ಮಪ್ಪ ಅದನ್ನ ನೋಡಿದ್ನಂತೆ, ಪೊದೆ ಬೆಳೆದಿದ್ದಾಗ."

"ಬಾಸಿಲಿಯೊಗೆ ಬಿಡುವಾಗ್ಲಿ ಅಮ್ಮ. ಮೂವರೂ ಒಟ್ಟಿಗೆ ಹೋಗೋಣ. ನಾನೊಬ್ಬಳೇ ಹೋದ್ರೆ ಮಾತು ಮುರಿದ ಹಾಗಾಗುತ್ತೆ."

ಅಮ್ಮ ಮತ್ತೆ ಕೇಳಲಿಲ್ಲ. ಆ ಜೂನ್ ತಿಂಗಳಲ್ಲಿ ನಾನು ಆಲೂಗಡ್ಡೆಯನ್ನು ಹಿಮಕ್ಕೆ ಒಡ್ಡಿ ಒಣಗಿಸಲು ಮೇಲಿನ ಬಯಲಿಗೆ ಹೋಗಿದ್ದಾಗ ಬಾಸಿಲಿಯೊ ಅವಳನ್ನು ಉರುಬಾಂಬಾದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ಇಳಿದು ಬಂದ ಮೇಲೆ, "ಡಾಕ್ಟರು ಏನಂದ್ರು ಅಮ್ಮ?" ಎಂದು ಕೇಳಿದೆ. "ಇನ್ನು ಕಣ್ಣು ಹೋದ್ರೂ ಹೋಗ್ಲಿ ಬಿಡು," ಎಂದಳು. ಡಾಕ್ಟರು ಕೈ ಚೆಲ್ಲಿದ್ದಾರೆ ಎಂದುಕೊಂಡು ನಾನು ಕೊಟ್ಟಿಗೆಗೆ ಹೋಗಿ ಕಣ್ಣೀರಿಟ್ಟೆ. ಅತ್ತೆಯನ್ನು ಸ್ವಂತ ತಾಯಿಯಂತೆ ನೋಡಿಕೊಳ್ಳುವ ಅಳಿಯ ಎಂದು ಊರಲ್ಲೆಲ್ಲ ಗಂಡನನ್ನು ಹೊಗಳಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮ ತೀರಿಕೊಂಡಳು.

ಅಂದಿನಿಂದ ಪ್ರತಿ ನವೆಂಬರಿನಲ್ಲಿ, ಸತ್ತವರ ಹಬ್ಬಕ್ಕೆ, ಬೊಂಬೆಯಾಕಾರದ ರೊಟ್ಟಿ ಸುಟ್ಟು ಅವಳ ಎಡೆಗೆ ಇಟ್ಟು ಅಳುತ್ತಿದ್ದೆ. ಅಮ್ಮ, ಕೇಳಿದ್ದು ಒಂದೇ ಒಂದು, ಅದನ್ನೂ ಕೊಡಲಿಲ್ಲ, ಕ್ಷಮಿಸು ಎಂದು. ಬಾಸಿಲಿಯೊ ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರುತ್ತಿದ್ದ. ಹನ್ನೊಂದು ಹಬ್ಬ ಹಾಗೇ ಕಳೆದವು.

ಈ ಸಲ ಮಾತ್ರ ಅವನಿಗೆ ನೆಪವೇ ಸಿಗದ ಹಾಗೆ ಮಾಡಿದೆ. ಲುಸ್ಮಿಲಾಳ ಹೊಲದಲ್ಲಿ ನಾನು ಬಿತ್ತನೆಗೆ ಹೋಗಿದ್ದ ಮುಯ್ಯಿ ಬಾಕಿ ಇತ್ತು. ಮುಯ್ಯಿಗೆ ಆಳು ಬೇಡ, ನಿನ್ನ ಗಂಡನ ಲಾರಿಯಲ್ಲಿ ನಮ್ಮಿಬ್ಬರನ್ನು ಸಾಂತಾ ತೆರೇಸಾದವರೆಗೆ ಬಿಡಿಸು ಎಂದೆ. ಅಲ್ಲಿಗೆ ವ್ಯಾನಿನ ಖರ್ಚೂ ಹೋಯಿತು. ಕುರಿ ನೋಡಿಕೊಳ್ಳಲೂ ಅವಳೇ ಒಪ್ಪಿದಳು. ಮಂಡಿಗೆ ಕಟ್ಟಲು ಸೊಪ್ಪು ತಂದಿಟ್ಟೆ. ಹೊಸ ಚಪ್ಪಲಿಯನ್ನೂ ಕೊಂಡೆ.

"ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂತಾರೆ ಜನ. ನಿನ್ನ ಮುಖ ನೋಡಿದ್ರೆ ಹಲ್ಲು ಕೀಳಿಸೋಕೆ ಹೊರಟ ಹಾಗಿದೆ," ಎಂದೆ.

"ವಯಸ್ಸಾಯ್ತು ಕಣೇ," ಎಂದ.

ಲಾರಿಯಲ್ಲಿ ಈರುಳ್ಳಿ ಮೂಟೆಗಳ ಮೇಲೆ ಕೂತು ಘಾಟಿ ದಾಟಿದೆವು. ಹಳಿಯ ಪಕ್ಕ ನಡೆಯುವಾಗ ಹುರಿದ ಜೋಳ ಜೇಬಿನಿಂದ ತೆಗೆದು ತಿನ್ನುತ್ತ ಮದುವಣಗಿತ್ತಿಯ ಹಾಗೆ ಬೀಗುತ್ತಿದ್ದೆ. ಬೆನ್ನಿಗೆ ಚೀಲ ಹಾಕಿಕೊಂಡು ನಮ್ಮಂತೆಯೇ ದುಡ್ಡು ಉಳಿಸಲು ನಡೆಯುತ್ತಿದ್ದ ಪರದೇಶದ ಹುಡುಗಿಯರಿಗೆ ಒಂದು ಹಿಡಿ ಕೊಟ್ಟೆ. ಬಾಸಿಲಿಯೊ ಹಳಿ ನೋಡುತ್ತ ಹಿಂದೆ ನಡೆದು ಬಂದ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಅವನು ಹೊರಳಾಡುವುದು ಕೇಳಿಸಿತು. ಮಂಡಿನೋವಿರಬೇಕು ಎಂದುಕೊಂಡೆ.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ನದಿಯ ಸೇತುವೆಗೆ ಬಂದೆವು. ಅಲ್ಲಿಂದ ಮೆಟ್ಟಿಲು ಶುರು. ನಾನು ಗಂಟು ಇಳಿಸಿ ಕೋಕಾ ಎಲೆಯ ಚೀಲ ತೆಗೆದೆ.

"ಅದೆಲ್ಲ ಬೇಡ ಸತುಕಾ, ಹೊತ್ತಾಯ್ತು. ನಡಿ."

"ಏನು ಬೇಡ? ಹೆಸರು ಹೇಳದೆ ಮತ್ತೊಬ್ಬರ ಅಂಗಳಕ್ಕೆ ನುಗ್ಗೋಕೆ ನಾವೇನು ಪ್ರವಾಸಿಗರಾ? ನೀನೇ ಮೊದಲು ಹೇಳು."

ಹೊಸ ಬೆಟ್ಟಕ್ಕೆ ಮೊದಲ ಸಲ ಬಂದವರು ಎಲೆ ಊದಿ, ತಾವು ಯಾರು, ಯಾರ ಮಕ್ಕಳು, ಯಾವ ಊರು ಎಂದು ಹೇಳಿ ಒಳಗೆ ಬರಲು ಅಪ್ಪಣೆ ಕೇಳಬೇಕು. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮರ್ಯಾದೆ ಇದು. ಅವನು ಎಲೆ ತೆಗೆದುಕೊಂಡ. ಬಹಳ ಹೊತ್ತು ಬಾಯಿಯ ಹತ್ತಿರ ಹಿಡಿದುಕೊಂಡಿದ್ದ. ಆಮೇಲೆ ಊದಿ, ಮೆಲ್ಲಗೆ ಹೇಳಿದ:

"ಅಪು, ನಾನು ಬಾಸಿಲಿಯೊ, ಮತ್ತೆ ಬಂದಿದೀನಿ. ಹೋದ ಸಲ ಇವಳ ತಾಯೀನ ಹೊತ್ಕೊಂಡು ಬಂದಿದ್ದೆ. ಈ ಸಲ ಮಗಳನ್ನ ಕರ್ಕೊಂಡು ಬಂದಿದೀನಿ. ಒಳಗೆ ಬಿಡು."

ನದಿಯ ಸದ್ದಿಗೆ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ಅವನ ಮುಖ ನೋಡಿದೆ. ತಪ್ಪಾಗಿ ಕೇಳಿಸಿರಲಿಲ್ಲ.

"ಕಣ್ಣಿನ ಡಾಕ್ಟರು," ಎಂದೆ.

"ಹೂಂ."

"ಉರುಬಾಂಬಾ."

"ಅಲ್ಲಿಗೆ ಹೋಗ್ಲೇ ಇಲ್ಲ. ಇಲ್ಲಿಗೇ ಬಂದ್ವಿ."

ನಾನು ಗಂಟು ಹೊತ್ತು ಮೆಟ್ಟಿಲು ಹತ್ತತೊಡಗಿದೆ. ನನ್ನ ಪಾಲಿನ ಮೂರು ಎಲೆ ಮುಷ್ಟಿಯಲ್ಲೇ ಇದ್ದವು. ಅವನು ಹಿಂದಿನಿಂದ ಏದುತ್ತ ಹೇಳುತ್ತಲೇ ಬಂದ. ಅಮ್ಮನೇ ಕೇಳಿದಳಂತೆ. ಮಗಳು ಒಲ್ಲೆ ಅಂದಳು, ನೀನಾದರೂ ತೋರಿಸಪ್ಪ ಎಂದು. ಹೊರೆ ಕಟ್ಟುವ ಬಟ್ಟೆಯಲ್ಲಿ ಕೂರಿಸಿಕೊಂಡು ಇದೇ ಮೆಟ್ಟಿಲು ಹತ್ತಿದನಂತೆ.

"ಹೊರೆಯೇ ಅಲ್ಲ ಸತುಕಾ ಅವಳು. ಕೋಳಿ ಥರ ಹಗುರ. ನಿಂಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ್ಳು. ಮಾತು ಮುರಿದಿದೀವಿ, ಅವಳು ನೊಂದ್ಕೋತಾಳೆ ಅಂದ್ಳು."

ನಾನು ತಿರುಗಿ ನಿಂತೆ. "ಅಮ್ಮ ಸತ್ತಳಲ್ಲ, ಆಮೇಲೆ?"

ಅವನು ಕೆಳಗಿನ ಮೆಟ್ಟಿಲಲ್ಲೇ ನಿಂತ.

"ಆಮೇಲೆ ಏನಾಗಿತ್ತು ನಿನ್ನ ಬಾಯಿಗೆ? ವರ್ಷ ವರ್ಷ ರೊಟ್ಟಿ ಮುಂದೆ ಕೂತು ಅಳ್ತಿದ್ದೆನಲ್ಲ ನಾನು, ಆಸೆ ತೀರಿಸ್ಲಿಲ್ಲ ಅಂತ ಹಣೆ ಚಚ್ಕೊಳ್ತಿದ್ದೆನಲ್ಲ? ಬೆನ್ನು ಸವರ್ತಿದ್ಯಲ್ಲೋ! 'ನೋಡಿದ್ಳು ಕಣೇ' ಅನ್ನೋ ಒಂದು ಮಾತು. ಅದಕ್ಕೂ ದುಡ್ಡು ಖರ್ಚಾಗ್ತಿತ್ತಾ?"

"ಪ್ರತಿ ವರ್ಷ ಹೇಳಬೇಕು ಅಂದ್ಕೋತಿದ್ದೆ. ಮೊದಲ ವರ್ಷ ಹೇಳ್ಲಿಲ್ಲ, ಎರಡನೇ ವರ್ಷ ಹೇಳೋದು ಇನ್ನೂ ಕಷ್ಟ ಆಯ್ತು. ನೀನು ಹೊರಡೋಣ ಅಂದಾಗೆಲ್ಲ ಹೆದರಿಕೆ. ಬಂದ್ರೆ ಇಲ್ಲಿ ಎಲೆ ಊದಬೇಕು. ಊದಿದ್ರೆ ನಿಜ ಹೇಳಬೇಕು."

ಆಗ ನನಗೆ ಎಲ್ಲ ಅರ್ಥವಾಯಿತು. ಆ ತಗಡು, ಆ ಕುರಿ, ಆ ಚಪ್ಪಲಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಮ್ಮನಲ್ಲ. ನಾನು ಒಂದೊಂದೇ ಖರ್ಚು ಕಳೆಯುತ್ತ ಬಂದಷ್ಟೂ ಅವನಿಗೆ ಅಡಗಿಕೊಳ್ಳಲು ಜಾಗ ಕಡಿಮೆಯಾಗುತ್ತಿತ್ತು. ಬೆಟ್ಟಕ್ಕೆ ಹೆದರಿದ, ನನಗೆ ಹೆದರಲಿಲ್ಲ. ಬೆಟ್ಟಕ್ಕೆ ನಿಜ ಹೇಳಿದ, ನನಗೆ ಹೇಳಲಿಲ್ಲ. ಅಮ್ಮನಾದರೂ ಸಾಯುವ ಮುಂಚೆ ಹೇಳಬಹುದಿತ್ತು. ಇಬ್ಬರೂ ಸೇರಿ ನನ್ನನ್ನು ಹೊರಗಿಟ್ಟಿದ್ದರು. ಮಾತು ಉಳಿಸಿಕೊಂಡ ಮೂರ್ಖಳು ನಾನೊಬ್ಬಳೇ.

ಅವನ ಮಂಡಿ ಸೋತಿತು, ನನ್ನದು ಸೋಲಲಿಲ್ಲ. ಅವನಿಗಿಂತ ಬಹಳ ಮುಂಚೆ ಮೇಲೆ ಮುಟ್ಟಿದೆ. ಇಬ್ಬರ ಪುಕ್ಕಟೆ ಟಿಕೆಟ್ಟೂ ಗುರುತಿನ ಚೀಟಿಯೂ ನನ್ನ ಗಂಟಿನಲ್ಲೇ ಇದ್ದವು. ಒಟ್ಟಿಗೆ ದಾಟಬೇಕೆಂದು ಇಷ್ಟು ವರ್ಷ ಕಾದಿದ್ದ ಬಾಗಿಲು ಅದು. ಕಾವಲಿನ ಹೆಂಗಸು, "ಜೊತೇಲಿ ಯಾರಾದ್ರೂ ಇದಾರಾ ಅಮ್ಮ?" ಎಂದಳು.

"ಹಿಂದೆ ಒಬ್ಬ ಮುದುಕ ಬರ್ತಾನೆ, ಇವು ಅವನವು," ಎಂದು ಅವನ ಚೀಟಿಗಳನ್ನು ಅವಳ ಕೈಗಿಟ್ಟು ಒಳಗೆ ಹೋದೆ.

ಎಲ್ಲರೂ ಹೇಳಿದ ಹಾಗೇ ಇತ್ತು. ಗೋಡೆ, ಮೆಟ್ಟಿಲು, ಹಸಿರು ಹುಲ್ಲು, ಎದುರಿಗೆ ಚೂಪಾದ ಬೆಟ್ಟ. ಜನ ಫೋಟೊ ತೆಗೆದುಕೊಳ್ಳುತ್ತಿದ್ದರು. ನನಗೆ ಅದ್ಯಾವುದೂ ಬೇಕಿರಲಿಲ್ಲ. ಅಮ್ಮ ಎಲ್ಲಿ ಕೂತಿದ್ದಳು? ಯಾವ ಕಲ್ಲು ಮುಟ್ಟಿದಳು? ಇಷ್ಟೊಂದು ಕಲ್ಲಿನಲ್ಲಿ ನನಗೆ ಬೇಕಾದದ್ದು ಒಂದೇ ಒಂದು, ಅದನ್ನು ಬಲ್ಲವನು ಆ ಸುಳ್ಳುಗಾರ ಒಬ್ಬನೇ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಬಾಗಿಲ ಒಳಗಡೆ ನಿಂತು ಅವನಿಗಾಗಿ ಕಾಯಲೇಬೇಕಾಯಿತು.

ಅವನು ಬೆವರು ಒರೆಸುತ್ತ ಬಂದ. ನಾನು ನಿಂತಿದ್ದು ನೋಡಿ ಅವನ ಮುಖ ಅರಳಿತು. "ಕಾಯ್ತಾ ಇದ್ಯಾ ಸತುಕಾ?"

"ಸತುರ್ನಿನಾ," ಎಂದೆ. "ಅಮ್ಮ ಕೂತಿದ್ದ ಜಾಗ ತೋರಿಸು. ನಡಿ ಮುಂದೆ."

ದಾರಿ ಕೇಳದೆ ನಡೆದ. ಎರಡು ಗೋಡೆ ದಾಟಿ, ಹೊಲದ ಮೆಟ್ಟಿಲಿನಂಥ ಕಟ್ಟೆಗಳ ಅಂಚಿಗೆ ಬಂದು ಒಂದು ತಗ್ಗಾದ ಕಲ್ಲು ತೋರಿಸಿದ. ಅಮ್ಮ ಅಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳಂತೆ. ಕಲ್ಲನ್ನು ಕೈಯಿಂದ ತಡವಿ, "ನಮ್ಮಪ್ಪ ಸುಳ್ಳು ಹೇಳಿರ್ಲಿಲ್ಲ," ಎಂದಳಂತೆ. ಬಹಳ ನಕ್ಕಳಂತೆ. ಆ ನಗುವೂ ಅವನ ಪಾಲಿಗೇ ಹೋಗಿತ್ತು.

ನಾನು ಆ ಕಲ್ಲಿನ ಮೇಲೆ ಕೂತೆ. ಅವನು ಪಕ್ಕದಲ್ಲಿ ಕೂರಲು ಬಂದ. ಅಲ್ಲಿ ನನ್ನ ಗಂಟು ಇಟ್ಟೆ. ಅವನು ನಿಂತೇ ಇದ್ದ.

ಮುಷ್ಟಿ ಬಿಚ್ಚಿದೆ. ಎಲೆಗಳು ಬೆವರಿಗೆ ಒದ್ದೆಯಾಗಿ ಮುದುರಿದ್ದವು. ನೇರ ಮಾಡಿ, ಜೋಡಿಸಿ, ಬೆಟ್ಟದ ಕಡೆ ಊದಿದೆ. ಅವನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅಪು, ನಾನು ಸತುರ್ನಿನಾ, ಅಸೆನ್ಸಿಯಾಳ ಮಗಳು. ಮೊದಲ ಸಲ ಬಂದಿದೀನಿ. ಒಬ್ಬಳೇ ಬಂದಿದೀನಿ."

ಬಾಸಿಲಿಯೊ ಒಂದು ಹೆಜ್ಜೆ ಹಿಂದೆ ಸರಿದ. ಅಪುವಿನ ಮುಂದೆ ನಾನು ಸುಳ್ಳು ಹೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು.