ನಮ್ಮ ಯಜಮಾನರ ಕಿವಿ

ನಮ್ಮ ಯಜಮಾನರಾದ ಜಯರಾಮರ ಒಂದು ಕಿವಿಯಲ್ಲಿ ನನ್ನ ಮಾತು ಹೋಗಿ ಇನ್ನೊಂದರಲ್ಲಿ ಹೊರಬರುತ್ತದೆ. ಗಾಲಿಯ ಶಬ್ದ ಮಾತ್ರ ಒಳಗೇ ಉಳಿಯುತ್ತದಂತೆ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸುತ್ತಿಗೆ ಹಿಡಿದು, ನಿಂತ ರೈಲಿನ ಗಾಲಿಗಳನ್ನು ಒಂದೊಂದಾಗಿ ತಟ್ಟಿ, ಬಿರುಕು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳಿದವರು. ನಿವೃತ್ತರಾದ ಮೇಲೆ ತಟ್ಟಲು ಗಾಲಿಗಳಿಲ್ಲದೆ ನನ್ನ ಇಡ್ಲಿ ಪಾತ್ರೆ, ಗ್ಯಾಸ್ ಸಿಲಿಂಡರುಗಳನ್ನು ತಟ್ಟಿ ತೀರ್ಪು ಕೊಡುತ್ತಿದ್ದರು.

ಅಷ್ಟರಲ್ಲಿ ನಮ್ಮ ಪಿಕಪ್ ಗಾಡಿಯ ಹಿಂಬದಿಯಲ್ಲಿ ಶಬ್ದ ಶುರುವಾಯಿತು. ಇವರ ಮುಖದಲ್ಲಿ ಕಳೆ ಬಂತು.

ಪೋರೂರಿನ ಮನೆಯಲ್ಲೇ ಅಡುಗೆ ಮಾಡಿಸಿ, ಪೆರುಂಗುಡಿಯ ಒಂದು ಆಫೀಸಿಗೆ ನಾನು ದಿನಾ ಮಧ್ಯಾಹ್ನದ ಊಟ ಕಳಿಸುತ್ತೇನೆ. ಹದಿನಾರು ವರ್ಷದ ಆ ಗಾಡಿಯನ್ನು ಒಂಬತ್ತು ವರ್ಷದಿಂದ ಓಡಿಸುತ್ತಿರುವವನು ಪುತ್ತೂರಿನ ಐತಪ್ಪ. ಬೆಳಗಿನ ಐದಕ್ಕೆ ಬಂದು, ನಾವೇ ಕೊಟ್ಟ ಕೀಲಿಕೈಯಿಂದ ಬಾಗಿಲು ತೆಗೆದು, ನಾನು ಏಳುವಷ್ಟರಲ್ಲಿ ಒಲೆ ಹೊತ್ತಿಸಿ ನೀರಿಟ್ಟಿರುತ್ತಾನೆ. ಅವನಿಲ್ಲದಿದ್ದರೆ ನನ್ನ ವ್ಯಾಪಾರಕ್ಕೆ ಕೈಕಾಲೇ ಇಲ್ಲ.

ರಸ್ತೆಯ ಹಂಪು ಬಂದಾಗಲೆಲ್ಲ ಹಿಂದೆ ಟಣ್ ಎನ್ನುತ್ತಿತ್ತು. ಆಮೇಲೆ ಸಣ್ಣದಾಗಿ ಇನ್ನೊಂದು ಟಕ್. ಯಜಮಾನರು ಮೊದಲ ದಿನ ಸ್ಪ್ರಿಂಗ್ ಪ್ಲೇಟು ಮುರಿದಿದೆ ಎಂದರು. ಮರುದಿನ ಆಕ್ಸಲ್ ಹೋಗಿದೆ ಎಂದರು. ಮೂರನೆಯ ದಿನ ಎಲ್ಲ ಬಿಟ್ಟು ಬೇರಿಂಗ್. ಬನಿಯನ್ನಿನಲ್ಲಿ ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಸುತ್ತಿಗೆಯಿಂದ ಗಾಲಿ ತಟ್ಟುತ್ತಿದ್ದರು. ಅಯ್ಯೋ, ಆ ಗಾಂಭೀರ್ಯ ನೋಡಬೇಕಿತ್ತು! ರಬ್ಬರ್ ಟೈರು ಏನು ಉತ್ತರ ಕೊಡುತ್ತದೋ ಆ ಪುಣ್ಯಾತ್ಮರಿಗೇ ಗೊತ್ತು. ಮಗಳು ಪ್ರಣಮ್ಯಾ ಬಾಲ್ಕನಿಯಿಂದ ಈ ಊರಿನ ತಮಿಳಿನಲ್ಲೇ, "ಅಪ್ಪಾ, ಪೋದುಂ ಪಾ! ಎಲ್ಲಾರುಂ ಪಾಕ್ಕುರಾಂಗ!" ಎಂದಳು. ಸಾಕು, ಎಲ್ಲರೂ ನೋಡುತ್ತಿದ್ದಾರೆ ಎಂದು. ಇವರು ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆಕ್ಯಾನಿಕ್ ಸಾಯಿ ಬಂದು ಗಾಡಿಯ ಕೆಳಗೆ ನುಸುಳಲು ಗೋಣಿಚೀಲ ಹಾಸಿದ.

"ಬೇಡ ಬೇಡ, ಕೆಳಗೆಲ್ಲ ನಾನು ನೋಡಾಗಿದೆ. ನೀನು ಗಾಲಿ ಬಿಚ್ಚು" ಎಂದು ಯಜಮಾನರು ತಡೆದರು.

"ನಾನಾದ್ರೂ ಒಮ್ಮೆ ಅಡಿಗೆ ಹೋಗಿ ನೋಡ್ತೇನೆ ಸಾರ್" ಎಂದ ಐತಪ್ಪ.

"ನೀನು ಓಡಿಸೋದನ್ನ ನೆಟ್ಟಗೆ ಓಡಿಸು, ಸಾಕು."

ಗಾಲಿ ಬಿಚ್ಚಿ, ಗ್ರೀಸ್ ತುಂಬಿ, ಮತ್ತೆ ಹಾಕಿದ್ದಾಯಿತು. ಶಬ್ದ ಹಾಗೇ ಇತ್ತು. ಗಾಡಿಯಲ್ಲಿ ತಪ್ಪು ಸಿಗದೆ ಹೋದಾಗ ಯಜಮಾನರು ಮನುಷ್ಯನಲ್ಲಿ ಹುಡುಕಿದರು.

"ಗಾಡಿ ಸರಿಯಾಗಿದೆ ಪ್ರೇಮಾ. ಇವನ ಕಾಲು ಸರಿಯಿಲ್ಲ. ಹಂಪು ಕಂಡ್ರೆ ಎಗರಿಸ್ತಾನೆ. ಸೋಮವಾರದಿಂದ ಬೇರೆ ಡ್ರೈವರ್ ನೋಡೋಣ."

ಐತಪ್ಪ ಸಾಂಬಾರಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಪಾತ್ರೆಯನ್ನು ಗಾಡಿಗೆ ಏರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಸಾರು ತುಳುಕಿಸದವನ ಕಾಲಂತೆ!

ಶುಕ್ರವಾರ ನಾನೇ ಗಾಡಿ ಹತ್ತಿದೆ. ಪೆರುಂಗುಡಿಯಲ್ಲಿ ಊಟ ಇಳಿಸಿದ ಮೇಲೆ ಖಾಲಿ ಪಾತ್ರೆಗಳನ್ನು ಹಗ್ಗದಿಂದ ಬಿಗಿಸಿ, ಅವುಗಳ ನಡುವೆ ಕೂತೆ.

"ಎಂತ ಅಮ್ಮಾ, ಪಾತ್ರೆಗಳ ಒಟ್ಟಿಗೆ ಕೂರುವುದಾ? ಜನ ನೋಡಿದ್ರೆ ನನಗೆ ಬಯ್ತಾರೆ."

"ನೀನು ನಡಿ. ಶಬ್ದ ಹಿಂದೆ ಬರ್ತಿದೆ, ಎರಡು ವಾರದಿಂದ ಹಿಂದೆ ಕೂತವರು ಒಬ್ಬರೂ ಇಲ್ಲ."

ಮೊದಲ ಹಂಪು ಬಂತು. ಅವನು ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಗಾಡಿ ಇಳಿಸಿದ. ಆದರೂ ನಾನು ಕೂತ ಜಾಗದ ಕೆಳಗೇ ಟಣ್ ಎಂದಿತು. "ನಿಲ್ಸೋ!" ಎಂದು ಕೂಗಿದೆ.

ರಸ್ತೆ ಬದಿಯಲ್ಲಿ ಸೆರಗು ಸಿಕ್ಕಿಸಿ, ಬಗ್ಗಿ, ಮೊಬೈಲಿನ ಬೆಳಕು ಬಿಟ್ಟೆ. ಕೆಳಗೆ ಸ್ಟೆಪ್ನಿ, ಅಂದರೆ ಹೆಚ್ಚುವರಿ ಗಾಲಿ, ನೇತಾಡುತ್ತಿತ್ತು. ಎರಡು ವಾರದ ಹಿಂದೆಯಷ್ಟೇ ಹಾಕಿಸಿದ ಹೊಸ ಟೈರು. ಅದನ್ನು ಗಾಡಿಯ ಚಾಸಿಗೆ ಸೇರಿಸಿ ಒಂದು ಸರಪಳಿ, ಸರಪಳಿಗೆ ಅಂಗೈಯಗಲದ ಹಿತ್ತಾಳೆ ಬೀಗ. ಬೀಗ ತಾಗಿ ತಾಗಿ ಚಾಸಿಯ ಬಣ್ಣವೇ ಹೋಗಿತ್ತು.

ಬೀಗದ ಗುರುತು ನನಗೆ ಸಿಗದೇ ಇರುತ್ತದೆಯೇ? ಯಜಮಾನರ ರೈಲ್ವೆ ಪೆಟ್ಟಿಗೆಯದು. ಪ್ರತಿ ಆಯುಧ ಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿದವಳು ನಾನು. ಪಾರ್ಕಿನ ಗೆಳೆಯ ಮಧುಸೂದನ್, ತನ್ನ ಡ್ರೈವರ್ ಹೊಸ ಸ್ಟೆಪ್ನಿ ಮಾರಿ ಸವೆದದ್ದನ್ನು ಹಾಕಿಟ್ಟ ಕಥೆ ಹೇಳಿದ್ದೂ ನಾವು ಹೊಸ ಟೈರು ಹಾಕಿಸಿದ ಅದೇ ವಾರ. ಕೆಳಗೆ ಯಾರನ್ನೂ ಯಾಕೆ ಬಿಡಲಿಲ್ಲ ಎಂದು ಆಗ ಅರ್ಥವಾಯಿತು. ತನ್ನ ಕೈಯ ಕೆಲಸವೇ ಸದ್ದು ಮಾಡೀತು ಎಂಬ ಅನುಮಾನ ಮಾತ್ರ ಆ ಮಹಾ ಕಿವಿಗೆ ಬಂದಿರಲಿಲ್ಲ.

ಬೆಳಕು ಆರಿಸಬೇಕೆಂದುಕೊಂಡೆ. ತಡವಾಗಿತ್ತು. ಐತಪ್ಪ ನನ್ನ ಪಕ್ಕದಲ್ಲೇ ಬಗ್ಗಿದ್ದ.

"ಇದು ನನಗೆ ಹಾಕಿದ ಬೀಗ ಅಲ್ವಾ ಅಮ್ಮಾ?" ಎಂದ. ನಾನು ಆಗ ಬೆಳಕು ಆರಿಸಿದೆ.

ಮನೆಯವರೆಗೆ ಅಷ್ಟೇ ನಯವಾಗಿ ಓಡಿಸಿಕೊಂಡು ಬಂದ. ಪಾತ್ರೆಗಳನ್ನೆಲ್ಲ ಇಳಿಸಿ, ತೊಳೆಯಲು ಹಾಕಿ, ಗಾಡಿಯ ಕೀಲಿಕೈಯ ಜೊತೆ ಇನ್ನೊಂದನ್ನೂ ನನ್ನ ಅಂಗೈಯಲ್ಲಿಟ್ಟ. ನಮ್ಮ ಮನೆಯ ಕೀಲಿಕೈ.

"ಸ್ಟೆಪ್ನಿ ನಂಬಿ ಕೊಡ್ಲಿಕ್ಕೆ ಆಗದವನ ಹತ್ರ ಮನೆ ಕೀ ಯಾಕಮ್ಮಾ?" ಎಂದು ಹೋಗಿಬಿಟ್ಟ.

ಬೀಗ ಕಂಡದ್ದನ್ನು ನಾನು ಹೇಳಿದ್ದೇ ತಡ, ಯಜಮಾನರು ಅದನ್ನು ತೆಗೆದು, ಗಾಡಿಯನ್ನು ಬೀದಿಯ ತುದಿಯವರೆಗೆ ಓಡಿಸಿ, "ಈಗ ನೋಡು, ಶಬ್ದಾನೇ ಇಲ್ಲ!" ಎಂದು ಗೆದ್ದವರ ಹಾಗೆ ಇಳಿದರು. ನಾನು ಆ ಕೀಲಿಕೈಯನ್ನು ಅವರ ಕೈಗೆ ತುರುಕಿದೆ.

"ಅವನ ಮನೆಗೆ ಹೋಗಿ, ತಪ್ಪಾಯ್ತು ಅಂತ ಹೇಳಿ, ಇದನ್ನ ಕೊಟ್ಟು ಬನ್ನಿ."

"ನಾನೇ?"

"ಮತ್ತೆ, ನಿಮ್ಮ ಸುತ್ತಿಗೆ ಹೋಗುತ್ತಾ?"

ಒಂದೂವರೆ ಗಂಟೆ ಬಿಟ್ಟು ಬಂದರು. ಚಪ್ಪಲಿ ಬಿಡದೆ ಹಜಾರದಲ್ಲೇ ನಿಂತರು.

"ಏನಂದ?"

"ಒಳಗೆ ಕರೆದ. ಕೂರಿಸಿ ಕಾಫಿ ಕೊಟ್ಟ. ಹೆಂಡತಿ ಕೈಲಿ ನೀರುದೋಸೆ ಹಾಕಿಸಿದ."

"ಕೀ?"

ಅಂಗೈ ಬಿಚ್ಚಿದರು. ಅಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಐದಕ್ಕೆ ನಾವಿಬ್ಬರೂ ಎದ್ದೇ ಇದ್ದೆವು. ಬಾಗಿಲಿನ ಕಡೆಯಿಂದ ಏನಾದರೂ ಕೇಳಿಸೀತೇ ಎಂದು ಯಜಮಾನರು ಕಿವಿಗೊಟ್ಟು ಕೂತಿದ್ದರು. ಐದೂವರೆಗೆ ನಾನೇ ಹೋಗಿ ಒಲೆ ಹೊತ್ತಿಸಿದೆ.